ಮೂರು ಬೆರಳಿನ ಕೈಗುಣ

ಮಹದೇವನ ಬಲಗೈಯಲ್ಲಿ ಎರಡು ಬೆರಳಿರಲಿಲ್ಲ. ತೋರುಬೆರಳು ಬುಡದಿಂದಲೇ ಇರಲಿಲ್ಲ. ನಡುಬೆರಳಿನದು ಒಂದು ಗೆಣ್ಣು ಮಾತ್ರ ಉಳಿದಿತ್ತು. ಹನ್ನೆರಡು ವರ್ಷದ ಹಿಂದೆ, ಹೇರೋಹಳ್ಳಿಯ ದೊಡ್ಡಣ್ಣನ ಶೆಡ್ಡಿನಲ್ಲಿ, ತಗಡು ಒತ್ತುವ ಪವರ್ ಪ್ರೆಸ್ಸಿನ ಕೆಳಗೆ ಅವು ಹೋಗಿದ್ದವು.

ಅವನು ಸಹಿ ಮಾಡಿದ ಕಾಗದದಲ್ಲಿ ಹಾಗೆ ಬರೆದಿರಲಿಲ್ಲ. ರಜೆಯ ದಿನ ಬೈಕಿನ ಚೈನು ಸರಿಮಾಡುವಾಗ ಕೈ ಸಿಕ್ಕಿಕೊಂಡಿತು ಎಂದು ಬರೆದಿತ್ತು. ದೊಡ್ಡಣ್ಣ ಆಸ್ಪತ್ರೆಯ ಮಂಚದ ಪಕ್ಕ ಕೂತು, ಎಳನೀರಿಗೆ ಸ್ಟ್ರಾ ಹಾಕಿ ಕೊಟ್ಟು ಹೇಳಿದ್ದ: "ನೋಡು ಮಾದೇವ, ಕೇಸು ಗೀಸು ಅಂತ ಹೋದ್ರೆ ಅಲೆಯೋದೇ ಆಗ್ತದೆ. ನಾನು ನಿಂಗೆ ಕುರ್ಚಿ ಕೊಡ್ತೀನಿ. ಕಂಪ್ಯೂಟರ್ ಮುಂದೆ ಕೂತ್ಕೊ. ಇನ್ನು ಜೀವಮಾನದಲ್ಲಿ ನೀನು ಪ್ರೆಸ್ ಮುಟ್ಟೋದು ಬೇಡ." ಮಹದೇವ ಎಡಗೈಯಲ್ಲಿ ಸಹಿ ಮಾಡಿದ. ಅದು ಅವನ ಸಹಿಯಂತೆ ಕಾಣಲಿಲ್ಲ. ಯಾರೂ ಕೇಳಲಿಲ್ಲ.

ಕುರ್ಚಿಯಲ್ಲಿ ಮಾಡುವ ಕೆಲಸ ಇಷ್ಟೇ. ಶೆಡ್ಡಿನಲ್ಲಿ ನಾಲ್ಕು ಪ್ರೆಸ್ಸುಗಳಿದ್ದವು. ಸ್ಕೂಟರಿಗೆ ಹಾಕುವ ಸಣ್ಣ ಬ್ರಾಕೆಟ್ಟುಗಳನ್ನು ಒತ್ತಿ, ಬಾಕ್ಸಿಗೆ ತುಂಬಿ, ಬಾಕ್ಸಿಗೊಂದು ಸ್ಟಿಕ್ಕರ್ ಅಂಟಿಸಿ ಟೆಂಪೊ ತುಂಬಿಸಬೇಕು. ಸ್ಟಿಕ್ಕರ್ ಇಲ್ಲದ ಬಾಕ್ಸನ್ನು ಕಂಪನಿಯವರು ಗೇಟಿನೊಳಗೇ ಬಿಡುತ್ತಿರಲಿಲ್ಲ. ಆ ಸ್ಟಿಕ್ಕರ್ ಬರುತ್ತಿದ್ದದ್ದು ಮಹದೇವನ ಕಂಪ್ಯೂಟರಿನಿಂದ. ಅವನು ಎಡಗೈಯ ಒಂದೇ ಬೆರಳಲ್ಲಿ ಟೈಪ್ ಮಾಡುತ್ತಿದ್ದ. ಒಂದು ಸ್ಟಿಕ್ಕರಿಗೆ ನಾಲ್ಕು ನಿಮಿಷ ಬೇಕಾಗುತ್ತಿತ್ತು. ಪ್ರೆಸ್ಸು ಧಡ್ ಎಂದಾಗಲೆಲ್ಲ ಬಲಗೈ ತಾನಾಗಿ ಕಂಕುಳಿಗೆ ಹೋಗುತ್ತಿತ್ತು. ಹನ್ನೆರಡು ವರ್ಷವಾದರೂ ಆ ಅಭ್ಯಾಸ ಹೋಗಲಿಲ್ಲ.

ನಾಲ್ಕು ವರ್ಷದ ಹಿಂದೆ ಕಂಪ್ಯೂಟರ್ ಹಟ ಹಿಡಿಯಿತು. ಬಟನ್ ಒತ್ತಿದರೆ ಹಸಿರು ದೀಪ ಮಿನುಗಿ, ಫ್ಯಾನ್ ಅರ್ಧ ಸುತ್ತು ತಿರುಗಿ, ಎಲ್ಲ ಆರಿಹೋಗುತ್ತಿತ್ತು. ಕೆಲವು ದಿನ ಒಂದೇ ಸಲಕ್ಕೆ ಆನ್ ಆಗುತ್ತಿತ್ತು. ಕೆಲವು ದಿನ ನಲವತ್ತು ಸಲ ಒತ್ತಿದರೂ ಇಲ್ಲ. ಅತ್ತಿಗುಪ್ಪೆಯಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ ಮಂಜುನಾಥ ಬಂದ. ಕಂಪ್ಯೂಟರಿನ ಡಬ್ಬ ಬಿಚ್ಚಿ ಧೂಳು ಊದಿದ, ರ್‍ಯಾಮನ್ನು ಕಿತ್ತು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಸಿಕ್ಕಿಸಿದ, ಒಳಗಿನ ಸೆಲ್ ಬದಲಿಸಿದ. ಆನ್ ಆಗಲಿಲ್ಲ. ಡಬ್ಬವನ್ನು ಸ್ಕೂಟರಿನ ಕಾಲಡಿ ಇಟ್ಟುಕೊಂಡು ಅಂಗಡಿಗೆ ಒಯ್ದ. ಅಲ್ಲಿ ಮೂವತ್ತು ಸಲ ಒತ್ತಿದರೆ ಮೂವತ್ತು ಸಲವೂ ಆನ್ ಆಯಿತು. ವಾಪಸ್ ತಂದು ಹೇರೋಹಳ್ಳಿಯಲ್ಲಿ ಸಿಕ್ಕಿಸಿದ. ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತಿತು.

"ನನ್ನ ಅಂಗಡೀಲಿ ಸರಿಯಾಗೇ ಇತ್ತು ಸಾರ್," ಎಂದ ಮಂಜುನಾಥ.

"ನಿನ್ನ ಅಂಗಡೀಲಿ ಸರಿಯಾಗಿದ್ರೆ ನಂಗೇನು? ನಾನೇನು ಅಲ್ಲಿ ಬಂದು ಸ್ಟಿಕ್ಕರ್ ಹೊಡೀಲಾ?"

"ಒಂದ್ಸಲ ಲೈನ್ ನೋಡ್ಸಿ ಸಾರ್. ಒಂದು ಯುಪಿಎಸ್ ಹಾಕ್ಸಿ. ನನ್ನ ಹತ್ರ ಇದೆ."

"ಬಂತು ನೋಡು," ಎಂದು ದೊಡ್ಡಣ್ಣ ನಕ್ಕ. "ರಿಪೇರಿ ಬರದೇ ಇದ್ದೋನು ಕೊನೇಲಿ ಏನಾದ್ರೂ ಮಾರೋಕೆ ನೋಡ್ತಾನೆ."

ಉತ್ತರ ಅವತ್ತೇ ಸಿಕ್ಕಿತ್ತು. ದೊಡ್ಡಣ್ಣ ಅದನ್ನು ಓಡಿಸಿಬಿಟ್ಟ. ಆಮೇಲೆ ವಾಸ್ತುವಿನವನು ಬಂದು ಟೇಬಲ್ಲನ್ನು ಪೂರ್ವಕ್ಕೆ ತಿರುಗಿಸಿದ. ದೊಡ್ಡಣ್ಣನ ಹೆಂಡತಿ ಅಂಜನಮ್ಮ ಮಾನಿಟರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದಳು.

ಕಾರಣ ಕಂಡುಹಿಡಿದದ್ದು ಮಹದೇವ. ಒಂದು ಮಧ್ಯಾಹ್ನ ಕರೆಂಟು ಹೋಗಿ ಬಂತು. ಹುಡುಗರು ಇನ್ನೂ ಹೊರಗೆ ಬೀಡಿ ಸೇದುತ್ತಿದ್ದರು, ಒಂದು ಪ್ರೆಸ್ಸೂ ಓಡುತ್ತಿರಲಿಲ್ಲ. ಬಟನ್ ಒತ್ತಿದ. ಒಂದೇ ಸಲಕ್ಕೆ ಬೀಪ್ ಎಂದಿತು. ಮಾರನೇ ದಿನ ಬೆಳಿಗ್ಗೆ ಏಳೂವರೆಗೆ, ಯಾರೂ ಬರುವ ಮುಂಚೆ ಒತ್ತಿದ. ಬಂತು. ಊಟದ ಹೊತ್ತಿನಲ್ಲಿ ಒತ್ತಿದ. ಬಂತು. ನಾಲ್ಕೂ ಪ್ರೆಸ್ ಓಡುವಾಗ ಒತ್ತಿದ. ಬರಲಿಲ್ಲ. ತಲೆಯೆತ್ತಿ ನೋಡಿದರೆ ಟ್ಯೂಬ್‌ಲೈಟು ಮಂಕಾಗಿತ್ತು. ಪ್ರೆಸ್ಸಿನ ಮೋಟರುಗಳು ಅದೇ ಲೈನಿನಿಂದ ಕರೆಂಟು ಎಳೆಯುತ್ತಿದ್ದವು. ಒಮ್ಮೆ ಆನ್ ಆದ ಕಂಪ್ಯೂಟರ್ ಹೇಗೋ ತಡೆದುಕೊಳ್ಳುತ್ತಿತ್ತು. ಆಫ್ ಆದದ್ದಕ್ಕೆ ಏಳುವ ಶಕ್ತಿ ಸಾಲುತ್ತಿರಲಿಲ್ಲ. ಅಷ್ಟೇ ವಿಷಯ.

ಹೇಳಲು ಬಾಯಿ ತೆರೆದವನು ಮುಚ್ಚಿಕೊಂಡ. ಸರಿಹೋದ ಕಂಪ್ಯೂಟರಿನ ಮುಂದೆ ಯಾರು ಬೇಕಾದರೂ ಕೂರಬಹುದು. ಒಂದೇ ಬೆರಳಲ್ಲಿ ಟೈಪ್ ಮಾಡುವವನೇ ಬೇಕೆಂದು ಯಾರೂ ಹೇಳುವುದಿಲ್ಲ.

ಅಂದಿನಿಂದ ಅವನು ಲಗ್ಗೆರೆಯ ಬಾಡಿಗೆ ಮನೆಯಿಂದ ಏಳೂವರೆಗೇ ಶೆಡ್ಡಿಗೆ ಬಂದು ಕಂಪ್ಯೂಟರ್ ಆನ್ ಮಾಡಿಡುತ್ತಿದ್ದ. ಹಗಲು ಕರೆಂಟು ಹೋಗಿ ಬಂದರೆ ಕೈ ಎತ್ತಿ ಕೂಗುತ್ತಿದ್ದ: "ಪ್ರೆಸ್ ನಿಲ್ಸ್ರಪ್ಪಾ! ಈ ಸದ್ದಲ್ಲಿ ಒಳಗಿನ ಬೀಪ್ ಕೇಳಲ್ಲ. ಬೀಪ್ ಕೇಳದೆ ಏನು ಮಾಡ್ಲಿ?" ನಾಲ್ಕೂ ಪ್ರೆಸ್ ನಿಲ್ಲುತ್ತಿದ್ದವು. ಮೂರು ಬೆರಳಿನ ಕೈಯನ್ನು ಡಬ್ಬದ ತಲೆಯ ಮೇಲೆ ಇಟ್ಟು, ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಬಟನ್ ಒತ್ತುತ್ತಿದ್ದ. ಬೀಪ್.

"ಮಾದೇವಣ್ಣಂದು ಕೈಗುಣ," ಎಂದರು ಹುಡುಗರು. "ಇರೋ ಮೂರು ಬೆರಳಿಗೇ ಇಷ್ಟು, ಐದೂ ಇದ್ದಿದ್ರೆ ಏನ್ ಗತಿ ಮಗಾ?" ಎಂದು ಒಬ್ಬ ನಗಾಡಿದ. ಅಂಜನಮ್ಮ ಮಾತ್ರ ನಗಲಿಲ್ಲ. ಕರಿಬೇವಿನ ಸಸಿಯನ್ನು ಅವನ ಕೈಯಲ್ಲೇ ನೆಡಿಸಿದಳು. ತಗಡಿಗೆ ಆಕಾರ ಕೊಡುವ ಹೊಸ ಅಚ್ಚು, ಅಂದರೆ ಡೈ, ಶೆಡ್ಡಿಗೆ ಬಂದರೆ ಅವನ ಕೈಯಲ್ಲೇ ಕಾಯಿ ಒಡೆಸುತ್ತಿದ್ದರು. ಅವನು ಒಲ್ಲೆ ಎನ್ನಲಿಲ್ಲ.

ಎರಡು ವರ್ಷದ ಹಿಂದೆ ದೊಡ್ಡಣ್ಣ ಶಶಿಕಲಾ ಎಂಬ ಹುಡುಗಿಯನ್ನು ಕೆಲಸಕ್ಕೆ ಕರೆತಂದ. ಇಪ್ಪತ್ತೆರಡು ವಯಸ್ಸು. ಹತ್ತೂ ಬೆರಳಲ್ಲಿ, ಕೀಬೋರ್ಡ್ ನೋಡದೆ ಟೈಪ್ ಮಾಡುತ್ತಿದ್ದಳು. ಮೊದಲ ದಿನ ಅರ್ಧ ಗಂಟೆಯಲ್ಲಿ ಇಡೀ ದಿನದ ಸ್ಟಿಕ್ಕರ್ ಮುಗಿಸಿ, "ಮುಂದೇನು ಮಾಡ್ಲಿ ಅಣ್ಣಾ?" ಎಂದು ಮಹದೇವನನ್ನೇ ಕೇಳಿದಳು.

ಮಹದೇವ ಜ್ವರ ಎಂದು ಹೇಳಿ ಒಂದು ವಾರ ಬರಲಿಲ್ಲ.

ಶಶಿಕಲಾ ಒಂಬತ್ತಕ್ಕೆ ಬರುವಷ್ಟರಲ್ಲಿ ನಾಲ್ಕೂ ಪ್ರೆಸ್ ಓಡುತ್ತಿದ್ದವು. ಕಂಪ್ಯೂಟರ್ ಏಳಲಿಲ್ಲ. ಅವಳು ಬಟನ್ ಒತ್ತಿದಳು, ವೈರ್ ಕಿತ್ತು ಹಾಕಿದಳು, ಯೂಟ್ಯೂಬ್ ನೋಡಿ ರ್‍ಯಾಮ್ ಉಜ್ಜಿದಳು. ಬಟನ್ ಒತ್ತಿ ಒತ್ತಿ ಹೆಬ್ಬೆರಳಿನ ಉಗುರು ಕಪ್ಪಾಯಿತು. ಎರಡು ದಿನ ಊಟದ ಹೊತ್ತಿನಲ್ಲಿ ತಾನಾಗಿ ಆನ್ ಆಯಿತು; ಅಷ್ಟರಲ್ಲಿ ಬೆಳಗಿನ ಟೆಂಪೊ ಸ್ಟಿಕ್ಕರಿಲ್ಲದೆ ನಿಂತು ಡ್ರೈವರ್ ಬೈದು ಹೋಗಿದ್ದ. ಶನಿವಾರ ದೊಡ್ಡಣ್ಣ ಎಲ್ಲರ ಮುಂದೆ ಹೇಳಿದ: "ಇವಳ ಕೈ ನೋಡ್ರಪ್ಪ. ಹಾಲಿಗೆ ಅದ್ದಿದ್ರೆ ಹಾಲೂ ಒಡೀತದೆ."

ಸೋಮವಾರ ಬೆಳಿಗ್ಗೆ ಮಹದೇವ ಬಂದ. ಒಂಬತ್ತೂಕಾಲಿಗೆ ಪ್ರೆಸ್ ನಿಲ್ಲಿಸಲು ಹೇಳಿ, ಕೈ ಇಟ್ಟು, ಬಟನ್ ಒತ್ತಿದ. ಬೀಪ್. ಹುಡುಗರು ಶಿಳ್ಳೆ ಹೊಡೆದರು.

ಶಶಿಕಲಾ ಅವನ ಹಿಂದೆಯೇ ನಲ್ಲಿಯ ತನಕ ಹೋದಳು. "ಅಣ್ಣಾ, ಹೇಗೆ ಆನ್ ಮಾಡ್ತೀರಾ? ನಂಗೂ ಹೇಳ್ಕೊಡಿ. ನಿಮ್ಮ ಕೆಲ್ಸ ಕಿತ್ಕೊಳ್ಳಲ್ಲ. ನಮ್ಮಪ್ಪಂಗೆ ಪಾರ್ಶ್ವವಾಯು. ಈ ಕೆಲ್ಸ ಹೋದ್ರೆ ಕಷ್ಟ ಅಣ್ಣಾ."

ಮಹದೇವ ಮುಖ ತೊಳೆದು ಒರೆಸಿಕೊಂಡ. "ಅದು ಹೇಳ್ಕೊಡೋದಲ್ಲ ಕಣಮ್ಮ," ಎಂದ. "ಕೈಗೆ ಬರಬೇಕು."

ದೊಡ್ಡಣ್ಣ ಅವಳನ್ನು ಬಿಡಿಸಲಿಲ್ಲ. ಮೂರನೇ ನಂಬರ್ ಪ್ರೆಸ್ಸಿಗೆ ಹಾಕಿದ. ಹೆಂಗಸರಿಗೆ ಸಂಬಳ ಕಡಿಮೆ ಕೊಟ್ಟರೆ ಸಾಕಿತ್ತು.

ಮೂರನೇ ನಂಬರಿಗೆ ಒಂದು ರೋಗವಿತ್ತು. ಪೆಡಲನ್ನು ಒಂದು ಸಲ ತುಳಿದರೆ ಪ್ರೆಸ್ಸು ಒಂದು ಸಲ ಹೊಡೆಯಬೇಕು. ಇದು ಬಿಡುವಿನ ನಂತರ ತಣ್ಣಗಿದ್ದಾಗ, ಯಾವಾಗಲೋ ಒಮ್ಮೆ, ತಾನಾಗಿ ಎರಡನೇ ಸಲವೂ ಹೊಡೆಯುತ್ತಿತ್ತು. ಶಶಿಕಲಾ ಮೊದಲ ತಿಂಗಳೇ ಅದನ್ನು ಗಮನಿಸಿ ದೊಡ್ಡಣ್ಣನಿಗೆ ಹೇಳಿದಳು. "ಹುಷಾರಾಗಿ ಮಾಡು," ಎಂದ. ಅವಳು ಊಟ, ಟೀ ಮುಗಿಸಿ ಬಂದಾಗಲೆಲ್ಲ ತಗಡು ಇಡದೆ ಹತ್ತು ಸಲ ಖಾಲಿ ಹೊಡೆಸಿ, ಆಮೇಲೆ ಕೆಲಸ ಶುರು ಮಾಡುತ್ತಿದ್ದಳು. "ಏನ್ ಶಶಿ, ಗಾಳಿಗೆ ಬ್ರಾಕೆಟ್ ಮಾಡ್ತಿದೀಯಾ?" ಎಂದು ಹುಡುಗರು ಆಡಿಕೊಳ್ಳುತ್ತಿದ್ದರು. ಅವಳ ಹತ್ತೂ ಬೆರಳು ಉಳಿದವು.

ಈ ವರ್ಷ ಆಯುಧಪೂಜೆಯನ್ನು ಹಬ್ಬದ ಹಿಂದಿನ ದಿನವೇ ಶೆಡ್ಡಿನಲ್ಲಿ ಮಾಡಿದರು. ಪ್ರೆಸ್ಸುಗಳನ್ನು ನಿಲ್ಲಿಸಿ, ಒರೆಸಿ, ಬಾಳೆಕಂದು ಕಟ್ಟಿ, ಸೇವಂತಿಗೆ ಮುಡಿಸಿದ್ದರು. ಪ್ರತಿ ವರ್ಷದ ಪದ್ಧತಿಯಂತೆ ಮಂಗಳಾರತಿಯಾದ ಮೇಲೆ ಮಹದೇವ ಕಂಪ್ಯೂಟರ್ ಆನ್ ಮಾಡಿ, ಮೊದಲ ಸ್ಟಿಕ್ಕರನ್ನು ದೇವಿಯ ಪಟದ ಮುಂದೆ ಇಡಬೇಕು. ಅದಕ್ಕೂ ಮುಂಚೆ ಬಾಗಿಲಲ್ಲಿ ಬೂದುಗುಂಬಳ ಒಡೆಯಬೇಕು. ಅದೂ ಅವನ ಕೈಯಲ್ಲೇ.

ಅವನು ಹೊರಗೆ ಕುಂಬಳಕಾಯಿ ಎತ್ತಿ ಹಿಡಿದಿದ್ದ. ಒಳಗೆ ಅಂಜನಮ್ಮ ಒಂದೊಂದೇ ಮಿಷನ್ನಿಗೆ ಅರಿಶಿನ ಕುಂಕುಮ ಹಚ್ಚುತ್ತ ಕಂಪ್ಯೂಟರಿನ ಹತ್ತಿರ ಬಂದಳು. ಮಾನಿಟರಿಗೆ ಹಚ್ಚಿದಳು, ಕೀಬೋರ್ಡಿಗೆ ಹಚ್ಚಿದಳು. ಡಬ್ಬದ ಮೇಲೆ ದುಂಡಗೆ ಕಂಡ ಬಟನ್ನಿಗೂ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ ಹಚ್ಚಿದಳು.

ಬೀಪ್.

ಮಹದೇವನಿಗೆ ಹೊರಗೆ ಕೇಳಿಸಿತು. ನಾಲ್ಕು ವರ್ಷ ಯಾವ ಸದ್ದಿಗೆ ಕಿವಿಗೊಟ್ಟಂತೆ ನಟಿಸಿದ್ದನೋ ಅದು ಬೀದಿಯ ತನಕ ಕೇಳಿತು.

"ಅಯ್ಯೋ, ನಾನೇನೂ ಮಾಡ್ಲಿಲ್ಲಪ್ಪ!" ಎಂದು ಅಂಜನಮ್ಮ ಹಿಂದೆ ಸರಿದಳು. ಶೆಡ್ಡಿನವರೆಲ್ಲ ನಕ್ಕರು. "ಅಮ್ಮೋರ ಕೈಗುಣ! ಮಾದೇವಣ್ಣಾ, ನಿನ್ನ ಕುರ್ಚಿ ಹೋಯ್ತು!"

ನಗದೇ ಇದ್ದವರು ಇಬ್ಬರು. ಒಬ್ಬಳು ಕುಸುಮಾ, ದೊಡ್ಡಣ್ಣನ ಸೊಸೆ. ಒಂದು ವರ್ಷದಿಂದ ಶೆಡ್ಡಿನ ಲೆಕ್ಕಪತ್ರ, ಟೆಂಪೊ ಎಲ್ಲ ಅವಳದೇ. ಅವಳು ಕಂಪ್ಯೂಟರ್ ಆಫ್ ಮಾಡಿ ತಾನೇ ಒತ್ತಿದಳು. ಆನ್. ಮತ್ತೆ ಆಫ್, ಮತ್ತೆ ಆನ್. ಹತ್ತು ಸಲ ಮಾಡಿದಳು. "ಇವತ್ತೇನಾಗಿದೆ ಇದಕ್ಕೆ?"

ನಗದ ಇನ್ನೊಬ್ಬಳು ಶಶಿಕಲಾ. ಅವಳು ಹೂವು ಮುಡಿದು ನಿಂತಿದ್ದ ಪ್ರೆಸ್ಸುಗಳನ್ನು ನೋಡಿದಳು. ಆಮೇಲೆ ಟ್ಯೂಬ್‌ಲೈಟ್ ನೋಡಿದಳು. ಆಮೇಲೆ ಕುಂಬಳಕಾಯಿ ಹಿಡಿದುಕೊಂಡೇ ಒಳಗೆ ಬಂದಿದ್ದ ಮಹದೇವನ ಮುಖ ನೋಡಿದಳು.

"ಅಕ್ಕಾ," ಎಂದಳು ಕುಸುಮಾಗೆ, "ಪ್ರೆಸ್ ಆನ್ ಮಾಡಿಸಿ ಒಂದ್ಸಲ ಒತ್ತಿ ನೋಡಿ. ನಂಗೆ ಎರಡು ಸಲ ಆನ್ ಆಗಿದ್ದೂ ಊಟದ ಹೊತ್ತಲ್ಲೇ."

"ಪೂಜೆ ಮಾಡಿದ ಮಿಷನ್ ಇವತ್ತು ಓಡಿಸಬಾರದು ಕಣೇ," ಎಂದಳು ಅಂಜನಮ್ಮ. "ವಿಜಯದಶಮಿ ಕಳೀಲಿ."

ಹೀಗೆ ಮಹದೇವನಿಗೆ ಮೂರು ದಿನ ಸಿಕ್ಕಿತು. ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಮೂರನೇ ದಿನ ಬೆಳಿಗ್ಗೆ ಏಳಕ್ಕೇ ಶೆಡ್ಡಿಗೆ ಬಂದ. ಜೇಬಿನಲ್ಲಿ ಸ್ಕ್ರೂಡ್ರೈವರ್ ಇತ್ತು. ರ್‍ಯಾಮನ್ನು ಅರ್ಧ ಸಡಿಲಿಸಿಟ್ಟರೆ ಪ್ರೆಸ್ ಓಡಲಿ ನಿಲ್ಲಲಿ, ಯಾರಿಗೂ ಆನ್ ಆಗುವುದಿಲ್ಲ. ಶೆಡ್ಡಿನ ಬಾಗಿಲು ತೆರೆದಿತ್ತು. ಅವನ ಕುರ್ಚಿಯಲ್ಲಿ ಶಶಿಕಲಾ ಕೂತಿದ್ದಳು.

"ಬೇಗ ಬಂದ್ರಲ್ಲ ಅಣ್ಣಾ."

"ನೀನೂ ಬೇಗ ಬಂದಿದೀಯ."

"ಕುಸುಮಕ್ಕನ ಹತ್ರ ಬೀಗದ ಕೈ ಈಸ್ಕೊಂಡೆ. ನೀವು ಬರ್ತೀರ ಅಂತ ಗೊತ್ತಿತ್ತು." ಅವಳು ಏಳಲಿಲ್ಲ. ಅವನು ನಿಂತೇ ಇದ್ದ.

ಎಂಟಕ್ಕೆ ಎಲ್ಲರೂ ಬಂದರು. ಕುಸುಮಾ ಕಂಪ್ಯೂಟರಿನ ಪಕ್ಕ ನಿಂತು ಒಂದೊಂದಾಗಿ ಪ್ರೆಸ್ ಆನ್ ಮಾಡಿಸಿ, ಪ್ರತಿ ಸಲ ಬಟನ್ ಒತ್ತಿ ನೋಡಿದಳು. ಪ್ರೆಸ್ ಒಂದೂ ಇಲ್ಲ: ಆನ್ ಆಯಿತು. ಒಂದು ಪ್ರೆಸ್: ಆಯಿತು. ಎರಡು ಪ್ರೆಸ್: ಎರಡನೇ ಸಲಕ್ಕೆ ಆಯಿತು. ಮೂರು: ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತಿತು. ನಾಲ್ಕು: ದೀಪವೂ ಸರಿಯಾಗಿ ಬರಲಿಲ್ಲ.

ಕುಸುಮಾ ತಿರುಗಿದಳು. ನಾಲ್ಕೂ ಪ್ರೆಸ್ ಧಡಧಡ ಓಡುತ್ತಿದ್ದವು. "ಮಾದೇವಣ್ಣ, ಬನ್ನಿ. ನಿಮ್ಮ ಕೈಗುಣ ತೋರಿಸಿ."

"ಪ್ರೆಸ್ ನಿಲ್ಸಿದ್ರೆ..."

"ಯಾಕೆ ನಿಲ್ಲಿಸ್ಬೇಕು? ಒತ್ತಿ."

ಅವನು ಕೈ ಇಟ್ಟು ಒತ್ತಿದ. ಇಲ್ಲ. ಮತ್ತೆ ಒತ್ತಿದ. ಯಾರೂ ಸಾಕು ಎನ್ನಲಿಲ್ಲ. ಕುಸುಮಾ ಬಾಯಿಬಿಟ್ಟು ಎಣಿಸತೊಡಗಿದಳು, ಹುಡುಗರೂ ಸೇರಿಕೊಂಡರು. "ಆರು! ಏಳು!" ಹಿಂದಿನಿಂದ ಒಬ್ಬ ಕೂಗಿದ, "ಅಣ್ಣಾ, ಬೀಪ್ ಕೇಳಿಸ್ತಾ?" ಹನ್ನೊಂದಕ್ಕೆ ಅವನು ನಿಲ್ಲಿಸಿದ. ಬಟನ್ ಮೇಲಿನ ಕುಂಕುಮವೆಲ್ಲ ಅವನ ಹೆಬ್ಬೆರಳಿಗೆ ಬಂದಿತ್ತು.

ಎಲೆಕ್ಟ್ರಿಷಿಯನ್ ಬಂದು ಕಂಪ್ಯೂಟರಿಗೆ ಬೇರೆ ಲೈನ್ ಎಳೆದ. ಇಪ್ಪತ್ತು ನಿಮಿಷದ ಕೆಲಸ.

ದೊಡ್ಡಣ್ಣ ಮಧ್ಯಾಹ್ನ ಕರೆಸಿದ. ಸಿಟ್ಟಾಗಿರಲಿಲ್ಲ, ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. "ಏನ್ಲಾ ಮಾದೇವ, ನಾಲ್ಕು ವರ್ಷ ನಮ್ಮೆಲ್ಲರ ಕೈಲೂ ಕೈ ಮುಗಿಸ್ಕೊಂಡ್ಯಲ್ಲೋ. ನನ್ನ ಹೆಂಡ್ತಿ ಕರಿಬೇವಿನ ಗಿಡ ಕಿತ್ತಾಕಿದ್ಲು. ನಾಳೆಯಿಂದ ಶಶಿ ಇಲ್ಲಿ ಕೂರ್ತಾಳೆ. ನೀನು ಮೂರನೇ ನಂಬರಿಗೆ ಹೋಗು."

"ಗೌಡ್ರೆ, ಪ್ರೆಸ್ ಮುಟ್ಟೋದು ಬೇಡ ಅಂತ ನೀವೇ ಮಾತು ಕೊಟ್ಟಿದ್ರಿ. ಕೈ ಹೋಗಿದ್ದಕ್ಕೆ ಕುರ್ಚಿ ಕೊಟ್ಟಿದ್ರಿ."

"ಕೈ ಎಲ್ಲಿ ಹೋಗಿದ್ದು?" ದೊಡ್ಡಣ್ಣ ಎಲೆಯ ನಾರು ಕಿತ್ತ. "ಕಾಗದದಲ್ಲಿ ಏನಿದೆ? ಬೈಕಿನ ಚೈನು. ಹೋಗಿ ಬೈಕಿನವನನ್ನ ಕೇಳು ಕುರ್ಚಿ."

ಮಹದೇವ ಎರಡು ದಿನ ಬರಲಿಲ್ಲ. ಲಗ್ಗೆರೆಯ ಸುತ್ತ ಏಳು ಕಡೆ ಕೆಲಸ ಕೇಳಿದ. ಐವತ್ತೆರಡು ವಯಸ್ಸು ಎಂದರೆ ಸುಮ್ಮನೆ ಕೇಳಿಸಿಕೊಂಡರು. ಕೈ ನೋಡಿ ಬಾಗಿಲು ತೋರಿಸಿದರು. ಮೂರನೇ ದಿನ ಮೂರನೇ ನಂಬರ್ ಪ್ರೆಸ್ಸಿನ ಮುಂದೆ ನಿಂತ.

ಬಲಗೈಯಲ್ಲಿ ತಗಡು ಹಿಡಿಯಲು ಬೆರಳು ಸಾಲುತ್ತಿರಲಿಲ್ಲ. ಎಡಗೈಯಲ್ಲಿ ಇಡುತ್ತಿದ್ದ. ಡೈಯನ್ನು ಬಲಗೈಯವರಿಗೆಂದು ಕೂರಿಸಿದ್ದರು; ಎಡಗೈ ಸುತ್ತಿಕೊಂಡು ಒಳಗೆ ಹೋಗಬೇಕಿತ್ತು. ಪ್ರತಿ ಸಲ ಪೆಡಲ್ ತುಳಿಯುವಾಗ ಕಣ್ಣು ಮುಚ್ಚುತ್ತಿತ್ತು. ದಿನಕ್ಕೆ ಒಂಬೈನೂರು ಪೀಸು ಮಾಡಬೇಕು. ಅವನಿಂದ ನಾನೂರೂ ಆಗುತ್ತಿರಲಿಲ್ಲ. ಶಶಿಕಲಾ ಊಟದ ನಂತರ ಖಾಲಿ ಹೊಡೆಸುತ್ತಿದ್ದದ್ದನ್ನು ಎರಡು ವರ್ಷ ಆರು ಅಡಿ ದೂರದಿಂದ ನೋಡಿದ್ದ. ಯಾಕೆ ಎಂದು ಗೊತ್ತಿರಲಿಲ್ಲ. ಕೇಳಬೇಕೆಂದು ಎರಡು ಸಲ ಕಂಪ್ಯೂಟರಿನ ಟೇಬಲ್ಲಿನ ತನಕ ಹೋದ. ಅವಳು ಟೈಪ್ ಮಾಡುವುದನ್ನು ನಿಲ್ಲಿಸಿ, ಬೆರಳುಗಳನ್ನು ಕೀಬೋರ್ಡಿನ ಮೇಲೆ ಹಾಗೇ ಇಟ್ಟುಕೊಂಡು, ತಲೆಯೆತ್ತಿ ನೋಡಿದಳು. ಕಾದಳು. ನಲ್ಲಿಯ ಹತ್ತಿರ ತಾನು ಕೊಟ್ಟ ಉತ್ತರ ಅವನಿಗೆ ನೆನಪಿತ್ತು. ನೀರು ಕುಡಿದು ವಾಪಸ್ ಹೋದ.

ದೀಪಾವಳಿಗೆ ನಾಲ್ಕು ದಿನ ಇತ್ತು. ಆರ್ಡರ್ ಜಾಸ್ತಿ. "ಖಾಲಿ ನಿಲ್ಲಿಸ್ಬೇಡ್ರೋ, ಹೊಡೀರಿ," ಎಂದು ದೊಡ್ಡಣ್ಣ ಕೂಗುತ್ತಿದ್ದ. ಊಟ ಮುಗಿಸಿ ಬಂದ ಮಹದೇವ ತಗಡು ಇಟ್ಟು ಪೆಡಲ್ ತುಳಿದ. ಪ್ರೆಸ್ಸು ಹೊಡೆಯಿತು. ಅವನು ಪೀಸು ತೆಗೆಯಲು ಎಡಗೈ ಹಾಕಿದ. ಪ್ರೆಸ್ಸು ಎರಡನೇ ಸಲ ಹೊಡೆಯಿತು.

ಅವನನ್ನು ಟೆಂಪೊದಲ್ಲೇ ಹಾಕಿಕೊಂಡು ಹೋದರು. ಬಾಕ್ಸುಗಳನ್ನು ಇಳಿಸಲು ಸಮಯವಿರಲಿಲ್ಲ, ಅವುಗಳ ಮೇಲೆಯೇ ಕೂರಿಸಿದರು.

ಕುಸುಮಾ ಕೈ ತೊಳೆದುಕೊಂಡು ಬಂದು ಕೇಳಿದಳು, "ಶಶಿ, ಅದು ಎರಡು ಸಲ ಹೊಡೆಯುತ್ತೆ ಅಂತ ನಿಂಗೆ ಗೊತ್ತಿತ್ತಾ?"

"ನಿಮ್ಮ ಮಾವನವರಿಗೆ ಹೇಳಿದ್ದೆ ಅಕ್ಕಾ. ಎರಡು ವರ್ಷದ ಹಿಂದೇನೇ."

"ಮಾದೇವಣ್ಣಂಗೆ?"

"ಅವರು ಕೇಳ್ಲಿಲ್ಲ."

ಸಂಜೆ ದೊಡ್ಡಣ್ಣ ಆಸ್ಪತ್ರೆಯಿಂದ ಶಶಿಕಲಾಗೆ ಫೋನ್ ಮಾಡಿದ. ಒಂದು ಕಾಗದ ಬೇಕಿತ್ತು. ಮನೆಯಲ್ಲಿ ದೋಸೆಹಿಟ್ಟಿನ ಗ್ರೈಂಡರಿಗೆ ಕೈ ಸಿಕ್ಕಿತು ಎಂದು ಬರೆಯಬೇಕು. "ಸಹಿ ಜಾಗ ಸಣ್ಣದು ಸಾಕು. ಹೆಬ್ಬೆಟ್ಟು ಒತ್ತಿಸ್ತೀನಿ. ಹೆಬ್ಬೆಟ್ಟು ಉಳಿದಿದೆ."

ಪಕ್ಕದಲ್ಲಿ ನಾಲ್ಕೂ ಪ್ರೆಸ್ಸು ಓಡುತ್ತಿದ್ದವು. ಶಶಿಕಲಾ ಬಟನ್ ಒತ್ತಿದಳು. ಕಂಪ್ಯೂಟರ್ ಒಂದೇ ಸಲಕ್ಕೆ ಆನ್ ಆಯಿತು. ಕಾಗದ ಟೈಪ್ ಮಾಡಲು ಎರಡು ನಿಮಿಷವೂ ಹಿಡಿಯಲಿಲ್ಲ. ಆಮೇಲೆ ದಿನದ ರಿಪೋರ್ಟ್ ತೆಗೆದು, ಮೂರನೇ ನಂಬರಿನ ಎದುರು ತುಂಬಿದಳು.

ಪ್ರೆಸ್ಸು ನಿಂತದ್ದು ಐವತ್ತು ನಿಮಿಷ. ಹಾಳಾದ ಪೀಸು ಒಂದು. ಬೆರಳು ಮೂರು, ಹಳೆಯ ಎರಡೂ ಸೇರಿ ಐದು.